ಬೆಳಿಗ್ಗೆ ಚಾಲೂ ಆಗದ ಕಂಪ್ಯೂಟರ್

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಎಂಟು ವರ್ಷವಾಗಿದೆ. ಕೆಲವು ತಿಂಗಳಿಂದ ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತುಸು ತಿರುಗಿ ನಿಂತುಬಿಡುತ್ತದೆ. ಕೆಲವೊಮ್ಮೆ ಫ್ಯಾನ್ ತಿರುಗುತ್ತಲೇ ಇದ್ದರೂ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಐದಾರು ಬಾರಿ ಒತ್ತಿದ ಮೇಲೆ ಚಾಲೂ ಆದರೆ ರಾತ್ರಿಯವರೆಗೆ ಯಾವ ತೊಂದರೆಯೂ ಇಲ್ಲ. ರಿಪೇರಿಯವರೊಬ್ಬರು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು, ಪ್ರಯೋಜನವಾಗಲಿಲ್ಲ. ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ಕೊಳ್ಳಿ ಎನ್ನುತ್ತಾರೆ. ಅಡಿಕೆ ತೋಟದ ಲೆಕ್ಕವೆಲ್ಲ ಅದರಲ್ಲೇ ಇದೆ. ಏನು ಮಾಡಲಿ? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಹೊಸದನ್ನು ಕೊಳ್ಳುವ ಮಾತು ಸದ್ಯಕ್ಕೆ ಬೇಡ. ಯಂತ್ರ ಚಾಲೂ ಆದ ದಿನ ಮೊದಲು ಮಾಡಬೇಕಾದ ಕೆಲಸವೆಂದರೆ, ಲೆಕ್ಕದ ಕಡತಗಳನ್ನೂ ಫೋಟೊಗಳನ್ನೂ ಪೆನ್‌ಡ್ರೈವಿಗೋ ಬೇರೊಂದು ಹಾರ್ಡ್ ಡಿಸ್ಕಿಗೋ ನಕಲು ಮಾಡಿಕೊಳ್ಳುವುದು. ಪದೇ ಪದೇ ವಿದ್ಯುತ್ ಬಂದು ಹೋಗುವುದು ಹಳೆಯ ಹಾರ್ಡ್ ಡಿಸ್ಕಿಗೆ ಒಳ್ಳೆಯದಲ್ಲ.

ಬಟನ್ ಒತ್ತಿದಾಗ ಮೊದಲು ವಿದ್ಯುತ್ ಹದಕ್ಕೆ ಬರಬೇಕು, ಆಮೇಲೆ ಮದರ್‌ಬೋರ್ಡಿನಲ್ಲಿರುವ ಬಯಾಸ್ ಎಂಬ ಆರಂಭಿಕ ತಂತ್ರಾಂಶವು ರ‍್ಯಾಮ್ (ಕೆಲಸದ ವೇಳೆಯ ತಾತ್ಕಾಲಿಕ ನೆನಪು) ಮುಂತಾದವನ್ನು ಪರೀಕ್ಷಿಸಬೇಕು, ಅದೆಲ್ಲ ಮುಗಿದ ಮೇಲೆಯೇ ವಿಂಡೋಸ್‌ನ ಸರದಿ. ಫ್ಯಾನ್ ನಿಂತುಹೋಗುವ ಅಥವಾ ಪರದೆ ಕಪ್ಪಾಗಿಯೇ ಉಳಿಯುವ ಹಂತದಲ್ಲಿ ಯಂತ್ರ ವಿಂಡೋಸ್‌ವರೆಗೆ ತಲುಪಿಯೇ ಇರುವುದಿಲ್ಲ. ಹೀಗಾಗಿ ಅದನ್ನು ಹೊಸದಾಗಿ ಹಾಕಿದ್ದರಿಂದ ಗುಣ ಕಾಣದಿದ್ದುದು ಸಹಜ.

ತಣ್ಣಗಿರುವಾಗ ಹಟ ಮಾಡಿ, ಒಮ್ಮೆ ಚಾಲೂ ಆದ ಮೇಲೆ ದಿನವಿಡೀ ಸರಿಯಾಗಿ ನಡೆಯುವುದು ನಿಮ್ಮ ಪತ್ರದಲ್ಲಿರುವ ಅತಿ ಮುಖ್ಯ ಸುಳಿವು. ಇದು ನನ್ನ ಅನುಮಾನವನ್ನು ನೇರವಾಗಿ ಎಸ್‌ಎಂಪಿಎಸ್ ಕಡೆಗೆ ತಿರುಗಿಸುತ್ತದೆ. ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ಡಿ.ಸಿ. ವಿದ್ಯುತ್ತಾಗಿ ಬದಲಿಸಿಕೊಡುವ ಈ ಡಬ್ಬಿಯೊಳಗೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಕೆಪಾಸಿಟರುಗಳಲ್ಲಿ ದ್ರವವಿರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ದುಡಿದಾಗ ಆ ದ್ರವ ಸ್ವಲ್ಪ ಸ್ವಲ್ಪವೇ ಆರುತ್ತದೆ, ಕೆಪಾಸಿಟರಿನ ಒಳಗಿನ ರೋಧ ಏರುತ್ತದೆ, ಮತ್ತು ತಣ್ಣಗಿದ್ದಷ್ಟೂ ಆ ರೋಧ ಇನ್ನೂ ಹೆಚ್ಚಾಗಿರುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಎಲ್ಲ ಭಾಗಗಳೂ ಒಟ್ಟಿಗೆ ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ವಿದ್ಯುತ್ ಹದಕ್ಕೆ ಬಂದಿದೆ ಎಂದು ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಕೊಡಬೇಕಾದ ಸಂಕೇತ ಹೋಗುವುದೇ ಇಲ್ಲ, ಪ್ರೊಸೆಸರ್ ಕೆಲಸ ಆರಂಭಿಸುವುದೂ ಇಲ್ಲ. ನೀವು ಐದಾರು ಬಾರಿ ಒತ್ತುವಷ್ಟರಲ್ಲಿ ಕೆಪಾಸಿಟರುಗಳು ಕೊಂಚ ಬೆಚ್ಚಗಾಗಿ, ಹೇಗೋ ನಿಭಾಯಿಸುತ್ತವೆ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಗುಡುಗು ಸಿಡಿಲಿನ ಸೂಚನೆಯಿಲ್ಲದ ಒಂದು ರಾತ್ರಿ ಕಂಪ್ಯೂಟರನ್ನು ಎಂದಿನಂತೆ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನು ಮಾತ್ರ ಹಾಕಿಯೇ ಬಿಡಿ. ಆಗಲೂ ಎಸ್‌ಎಂಪಿಎಸ್‌ನ ಒಂದು ಭಾಗ 5 ವೋಲ್ಟ್ ವಿದ್ಯುತ್ತನ್ನು ಒದಗಿಸುತ್ತಲೇ ಇರುತ್ತದೆ, ಹಾಗಾಗಿ ಅದು ಪೂರ್ತಿ ತಣ್ಣಗಾಗುವುದಿಲ್ಲ. ಮರುದಿನ ಬೆಳಿಗ್ಗೆ ಮೊದಲ ಒತ್ತಿಗೇ ಚಾಲೂ ಆದರೆ ಅನುಮಾನ ಬಲವಾಯಿತು. ಆದರೆ ಇದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ; ಸಿಡಿಲು ಬಡಿಯುವ ಕಾಲದಲ್ಲಿ ಪ್ಲಗ್ ಕಿತ್ತಿಡುವ ನಿಮ್ಮ ಕಡೆಯ ರೂಢಿಯೇ ಸರಿ. ಮಲ್ಟಿಮೀಟರ್ ಇದ್ದವರು ಯಂತ್ರ ನಡೆಯುತ್ತಿರುವಾಗ ಎಸ್‌ಎಂಪಿಎಸ್‌ನಿಂದ ಹೊರಬರುವ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆದು ನೋಡಬಹುದು. ಅಲ್ಲಿ 11.4ರಿಂದ 12.6 ವೋಲ್ಟಿನೊಳಗೆ ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ದೋಷ ಖಚಿತ. ಸರಿಯಾಗಿ ತೋರಿಸಿತೆಂದು ಮಾತ್ರ ಎಸ್‌ಎಂಪಿಎಸ್‌ಗೆ ಪೂರ್ತಿ ಅಂಕ ಕೊಡುವಂತಿಲ್ಲ, ಏಕೆಂದರೆ ಚಾಲೂ ಆಗುವ ಕ್ಷಣದ ಕುಸಿತ ಸಾಮಾನ್ಯ ಮೀಟರಿಗೆ ಸಿಗುವುದಿಲ್ಲ. ನಿಜವಾದ ಪರೀಕ್ಷೆಯೆಂದರೆ ಪರಿಚಯದವರಲ್ಲಿಯೋ ಅಂಗಡಿಯಲ್ಲಿಯೋ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದು ಜೋಡಿಸಿ ನೋಡುವುದು. ಇಷ್ಟನ್ನೂ ಮಾಡದೆ ಮದರ್‌ಬೋರ್ಡ್ ಹೋಗಿದೆ ಎಂದು ತೀರ್ಪು ಕೊಡುವುದು ಗಿರಾಕಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ ಉಳಿದಿರಬಹುದು.

ಇನ್ನೊಂದು ಸಂಗತಿಯನ್ನು ಗಮನಿಸಿ. ಫ್ಯಾನ್ ಪ್ರತಿಸಲವೂ ನಾಲ್ಕೈದು ಸೆಕೆಂಡು ತಿರುಗಿಯೇ ನಿಲ್ಲುತ್ತದೆಯೆ? ಹಾಗಿದ್ದರೆ ಮುಂಭಾಗದ ಬಟನ್ ಒಳಗೇ ಸಿಕ್ಕಿಕೊಳ್ಳುತ್ತಿರಬಹುದು, ಏಕೆಂದರೆ ಬಟನ್ನನ್ನು ಸುಮಾರು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕಂಪ್ಯೂಟರ್ ತಾನಾಗಿ ಆಫ್ ಆಗುವಂತೆ ಮದರ್‌ಬೋರ್ಡಿನಲ್ಲೇ ವ್ಯವಸ್ಥೆಯಿರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ನಿನ ಪುಟ್ಟ ತಂತಿಯನ್ನು ಮದರ್‌ಬೋರ್ಡಿನಿಂದ ತೆಗೆದು, ಆ ಜಾಗಕ್ಕೆ ರೀಸೆಟ್ ಬಟನ್ನಿನ ತಂತಿಯನ್ನು ಸಿಕ್ಕಿಸಿ ಕೆಲವು ದಿನ ಅದರಿಂದಲೇ ಚಾಲೂ ಮಾಡಿದರೆ ಸತ್ಯ ತಿಳಿಯುತ್ತದೆ.

ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಕಪ್ಪಾಗಿರುವುದಕ್ಕೆ ರ‍್ಯಾಮ್ ಕೂಡ ಕಾರಣವಾಗಬಹುದು. ಮಲೆನಾಡಿನ ತೇವದಲ್ಲಿ ಅದರ ಹೊಂಬಣ್ಣದ ಪಟ್ಟಿಗಳ ಸಂಪರ್ಕ ಕೆಡುವುದುಂಟು. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದ ಮೇಲೆ ರ‍್ಯಾಮನ್ನು ಹೊರತೆಗೆಯಿರಿ. ಪಟ್ಟಿಗಳನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಶ್ಶಿನಿಂದ ತೆಗೆದು, ಕ್ಲಿಪ್ ಕಟ್ಟೆಂದು ಕೂರುವಂತೆ ಒತ್ತಿ ಮರಳಿ ಹಾಕಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಕೆಲವು ಬೆಳಿಗ್ಗೆ ಪರೀಕ್ಷಿಸಿ. ಕ್ಯಾಬಿನೆಟ್ ತೆರೆದಾಗಲೇ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ಮೇಲೂ ಕಣ್ಣಾಡಿಸಿ. ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿ ಒಣಗಿದ್ದರೆ ಮಾತ್ರ ಮದರ್‌ಬೋರ್ಡಿನ ಬಗ್ಗೆ ಯೋಚಿಸಿದರಾಯಿತು.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಕೆಲವು ಸಲ ಎಫ್1 ಒತ್ತಿ ಎಂದು ಕೇಳಿ ನಿಂತುಬಿಡುತ್ತದೆ. ದಿನಾಂಕವೂ ಬಹಳ ಹಿಂದಿನದನ್ನು ತೋರಿಸುತ್ತದೆ. (ಓದುಗರೊಬ್ಬರು, ಗದಗ)

ಉತ್ತರ: ಮದರ್‌ಬೋರ್ಡಿನ ಮೇಲಿರುವ ದಿನಾಂಕವನ್ನೂ ಬಯಾಸ್ ಆಯ್ಕೆಗಳನ್ನೂ ನೆನಪಿನಲ್ಲಿ ಉಳಿಸುವ, ನಾಣ್ಯದಾಕಾರದ ಸಿಆರ್2032 ಸೆಲ್ ಮುಗಿದಿದೆ. ಪ್ಲಗ್ ಕಿತ್ತು ಹಳೆಯದನ್ನು ತೆಗೆದು, ಹೊಸ 3 ವೋಲ್ಟಿನ ಸೆಲ್ಲನ್ನು ಪ್ಲಸ್ ಗುರುತು ಮೇಲಿರುವಂತೆ ಹಾಕಿ. ಬಳಿಕ ಬಯಾಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ಸರಿಪಡಿಸಿ; ಅದು ತಪ್ಪಾಗಿದ್ದರೆ ಬ್ಯಾಂಕಿನಂತಹ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಸೆಲ್ ಬದಲಿಸಿದ ಮೇಲೆ ವಿಂಡೋಸ್ ಬರದೇ ಹೋದರೆ ಗಾಬರಿಯಾಗಬೇಡಿ, ಬಯಾಸ್‌ನಲ್ಲಿ ಡಿಸ್ಕಿಗೆ ಸಂಬಂಧಿಸಿದ ಸಾಟಾ ಆಯ್ಕೆ ಮೊದಲಿದ್ದಂತೆಯೇ ಇದೆಯೇ ಎಂದು ನೋಡಿ ಬದಲಿಸಿಕೊಳ್ಳಿ.