ಓದುಗರ ಪ್ರಶ್ನೆ, ನಮ್ಮ ಉತ್ತರ: ಐಸ್‌ಲ್ಯಾಂಡ್ ಏನು ಮಾರುತ್ತದೆ, ಯಾರಿಗೆ ಮಾರುತ್ತದೆ?

ಸಣ್ಣ ದೇಶಗಳ ವಿದೇಶಿ ವ್ಯಾಪಾರದ ಬಗ್ಗೆ ಬಂದ ಪತ್ರಗಳಲ್ಲಿ ಐಸ್‌ಲ್ಯಾಂಡ್ ಕುರಿತವೇ ಹೆಚ್ಚು. ನಾಲ್ಕು ಲಕ್ಷದಷ್ಟೂ ಜನರಿಲ್ಲದ ದೇಶ ಅದು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರ.

ಪ್ರಶ್ನೆ: ಐಸ್‌ಲ್ಯಾಂಡ್‌ನ ರಫ್ತಿನಲ್ಲಿ ದೊಡ್ಡ ಪಾಲು ನೆದರ್‌ಲ್ಯಾಂಡ್ಸ್‌ಗೆ ಹೋಗುತ್ತದೆ ಅಂತ ಓದಿದೆ. ಡಚ್ಚರು ಅಷ್ಟೊಂದು ಮೀನು ತಿನ್ನುತ್ತಾರಾ?

ಅಲ್ಲಿಗೆ ಹೋಗುವುದರಲ್ಲಿ ಹೆಚ್ಚಿನದು ಮೀನಲ್ಲ, ಅಲ್ಯೂಮಿನಿಯಂ. ಅದನ್ನೂ ಡಚ್ಚರೇ ಬಳಸುತ್ತಾರೆ ಎಂದುಕೊಳ್ಳಬೇಡಿ. ಹಡಗು ರಾಟರ್‌ಡ್ಯಾಮ್‌ನಲ್ಲಿ ಸರಕು ಇಳಿಸುತ್ತದೆ. ಅಲ್ಲಿಂದ ಅದು ರೈಲು, ಲಾರಿ, ರೈನ್ ನದಿಯ ಬಾರ್ಜ್‌ಗಳಲ್ಲಿ ಜರ್ಮನಿ ಮತ್ತಿತರ ದೇಶಗಳ ಕಾರ್ಖಾನೆ ಸೇರುತ್ತದೆ. ಹಡಗು ಹೊರಡುವಾಗ ಕೊನೆಯ ಗಿರಾಕಿ ಯಾರೆಂದು ಗೊತ್ತಿಲ್ಲದಿದ್ದರೆ ಇಳಿಸುವ ಬಂದರು ಯಾವ ದೇಶದ್ದೋ ಅದರ ಹೆಸರೇ ದಾಖಲಾಗುತ್ತದೆ. ಅಂಕಿಅಂಶದವರು ಇದಕ್ಕೆ ‘ರಾಟರ್‌ಡ್ಯಾಮ್ ಎಫೆಕ್ಟ್’ ಎನ್ನುತ್ತಾರೆ. ಮೀನಿನ ದೊಡ್ಡ ಗಿರಾಕಿಗಳು ಬ್ರಿಟನ್, ಫ್ರಾನ್ಸ್, ಸ್ಪೇನ್, ಅಮೆರಿಕ. ದೇಶವಾರು ಪಟ್ಟಿ ನೋಡುವ ಮೊದಲು ಸರಕುವಾರು ಪಟ್ಟಿ ನೋಡಿದರೆ ಈ ಗೊಂದಲವೇ ಬರುವುದಿಲ್ಲ.

ಪ್ರಶ್ನೆ: ಬಾಕ್ಸೈಟ್ ಅದಿರೇ ಇಲ್ಲದ ದೇಶ ಅಲ್ಯೂಮಿನಿಯಂ ಮಾರುವುದು ಹೇಗೆ?

ಅದು ಮಾರುವುದು ಅದಿರನ್ನಲ್ಲ, ವಿದ್ಯುತ್ತನ್ನು. ಒಂದು ಟನ್ ಅಲ್ಯೂಮಿನಿಯಂಗೆ ಬಾಕ್ಸೈಟ್‌ನಿಂದ ತೆಗೆದ ಅಲ್ಯೂಮಿನಾ ಪುಡಿ ಸುಮಾರು ಎರಡು ಟನ್, ವಿದ್ಯುತ್ ಹಾಯಿಸುವ ಇಂಗಾಲದ ಆನೋಡ್ ಅರ್ಧ ಟನ್‌ಗೆ ಸ್ವಲ್ಪ ಕಡಿಮೆ, 14 ಮೆಗಾವ್ಯಾಟ್ ಅವರ್ ಆಸುಪಾಸು ವಿದ್ಯುತ್ ಬೇಕು. ಮೊದಲೆರಡನ್ನೂ ಹಡಗಿನಲ್ಲಿ ತರಿಸುತ್ತಾರೆ. ಮೂರನೆಯದು ಮಾತ್ರ ಊರಿನದು: ಮುಕ್ಕಾಲು ಪಾಲಿನಷ್ಟು ಜಲವಿದ್ಯುತ್, ಉಳಿದದ್ದು ಭೂಶಾಖದ್ದು. ದ್ವೀಪದಿಂದ ಯುರೋಪಿಗೆ ಸಮುದ್ರದಡಿಯ ವಿದ್ಯುತ್ ಕೇಬಲ್ ಇಲ್ಲ. ಹಾಗಾಗಿ ವಿದ್ಯುತ್ತನ್ನು ಲೋಹದ ರೂಪದಲ್ಲಿ ಸಾಗಿಸುವುದೇ ದಾರಿ.

ಅಲ್ಯೂಮಿನಿಯಂ ತೆಗೆಯುವ ಕಾರ್ಖಾನೆಗಳು, ಅಂದರೆ ಸ್ಮೆಲ್ಟರ್‌ಗಳು, ಮೂರೇ. ಸ್ಟ್ರೌಮ್ಸ್‌ವಿಕ್‌ನದು 1969ರಲ್ಲಿ, ಗ್ರುಂಡಾರ್ಟಂಗಿಯದು 1998ರಲ್ಲಿ, ಪೂರ್ವ ಕರಾವಳಿಯ ರೇದಾರ್‌ಫ್ಯೋರ್ದುರ್‌ನದು 2007ರಲ್ಲಿ ಶುರುವಾದವು. ಕೊನೆಯದಕ್ಕಾಗಿಯೇ 690 ಮೆಗಾವ್ಯಾಟ್‌ನ ಕೌರಾಹ್ನ್ಯೂಕರ್ ಜಲವಿದ್ಯುತ್ ಸ್ಥಾವರ ಕಟ್ಟಿದರು. ದೇಶದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಈ ಮೂರೇ ಬಳಸುತ್ತವೆ. ಮೂರರ ಒಡೆಯರೂ ವಿದೇಶಿ ಕಂಪನಿಗಳು. ರಫ್ತಿನ ಮೊತ್ತದಿಂದ ಅಲ್ಯೂಮಿನಾ, ಆನೋಡ್‌ಗಳ ಬೆಲೆ, ಬಡ್ಡಿ, ಲಾಭಾಂಶ ಕಳೆದ ಮೇಲೆ ದೇಶದಲ್ಲಿ ಉಳಿಯುವುದು ವಿದ್ಯುತ್ ಬಿಲ್, ಸಂಬಳ, ಸ್ಥಳೀಯ ಸೇವೆ ಮತ್ತು ತೆರಿಗೆ ಮಾತ್ರ. ಅದು ಅರ್ಧಕ್ಕಿಂತ ಕಡಿಮೆ. ನೂರು ಕ್ರೋನಾದ (ಅಲ್ಲಿನ ಹಣ) ಮೀನಿಗೂ ನೂರು ಕ್ರೋನಾದ ಅಲ್ಯೂಮಿನಿಯಂಗೂ ಒಂದೇ ಬೆಲೆ ಕಟ್ಟುವ ಲೇಖನಗಳನ್ನು ಈ ಕಾರಣಕ್ಕೆ ನಂಬಬೇಡಿ.

ಕೆಡುವುದು ಎಲ್ಲಿ? ಲೋಹ ಬೇರ್ಪಡಿಸುವ ತೊಟ್ಟಿಗಳಲ್ಲಿ, ಅಂದರೆ ಪಾಟ್‌ಗಳಲ್ಲಿ, ದ್ರವ ಸುಮಾರು 960 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ವಿದ್ಯುತ್ ಕೆಲವು ಗಂಟೆ ಹೋದರೂ ಅದು ಹೆಪ್ಪುಗಟ್ಟುತ್ತದೆ. ಮತ್ತೆ ಒಂದೊಂದೇ ಪಾಟ್ ಶುರುಮಾಡಲು ತಿಂಗಳುಗಟ್ಟಲೆ ಬೇಕು. 2025ರ ಅಕ್ಟೋಬರ್‌ನಲ್ಲಿ ಗ್ರುಂಡಾರ್ಟಂಗಿಯಲ್ಲಿ ವಿದ್ಯುತ್ ಉಪಕರಣ ಕೆಟ್ಟು ಉತ್ಪಾದನೆಯ ಮೂರನೇ ಎರಡು ಭಾಗ ನಿಂತುಹೋಯಿತು. ಇಷ್ಟು ಚಿಕ್ಕ ದೇಶದ ರಫ್ತಿನ ಅಂಕಿ ಕುಸಿಯಲು ಇಂಥ ಒಂದು ಘಟನೆ ಸಾಕು.

ಪ್ರಶ್ನೆ: ಮೀನು ರಫ್ತು ಎಂದರೆ ಇಡೀ ಮೀನನ್ನು ಐಸ್‌ನಲ್ಲಿಟ್ಟು ಕಳಿಸುವುದೇ?

ಆ ಕಾಲ ಹೋಯಿತು. ಕಾಡ್ ಮೀನನ್ನೇ ನೋಡಿ. ಬೆನ್ನಿನ ದಪ್ಪ ಮಾಂಸದ ತುಂಡಿಗೆ ಬೆಲೆ ಹೆಚ್ಚು. ಅದು ತಾಜಾ ಆಗಿಯೇ ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ವಿಮಾನದಲ್ಲಿ, ಇಲ್ಲವೇ ಚೆನ್ನಾಗಿ ತಣಿಸಿ ಕಂಟೇನರ್‌ನಲ್ಲಿ ಹೋಗುತ್ತದೆ. ಉಪ್ಪು ಹಾಕಿದ ಚಪ್ಪಟೆ ಕಾಡ್ ಸ್ಪೇನ್, ಪೋರ್ಚುಗಲ್, ಇಟಲಿಗೆ. ಯಕೃತ್ತು ಎಣ್ಣೆಗೆ, ಡಬ್ಬಿಗೆ. ಚರ್ಮದಿಂದ ಕೊಲ್ಯಾಜನ್ ಎಂಬ ಪ್ರೋಟೀನ್ ತೆಗೆಯುತ್ತಾರೆ, ಗಾಯಕ್ಕೆ ಹಚ್ಚುವ ವೈದ್ಯಕೀಯ ಪಟ್ಟಿಯನ್ನೂ ಮಾಡುತ್ತಾರೆ.

ತಲೆಯ ಕಥೆಯೇ ಬೇರೆ. ಒಣಗಿಸಿದ ಕಾಡ್ ತಲೆಗೆ ದೊಡ್ಡ ಮಾರುಕಟ್ಟೆ ನೈಜೀರಿಯಾ. ಅಲ್ಲಿ ಸಾರಿಗೆ ರುಚಿ ಕೊಡಲು ಅದು ಬೇಕೇ ಬೇಕು. ಮೊದಲು ಬಯಲಿನ ಅಟ್ಟಣಿಗೆಗಳಲ್ಲಿ ಒಣಗಿಸುತ್ತಿದ್ದರು. ಈಗ ಬಹುಪಾಲು ಭೂಶಾಖದಿಂದ ಬೆಚ್ಚಗಾದ ಗಾಳಿಯಲ್ಲಿ, ಒಳಾಂಗಣದಲ್ಲಿ, ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ 18ರಿಂದ 25 ಡಿಗ್ರಿ ಗಾಳಿಯಲ್ಲಿ ನೀರಿನಂಶ ತೂಕದ ಅರ್ಧದ ಆಸುಪಾಸಿಗೆ ಇಳಿಯಬೇಕು. ಆಮೇಲೆ ದೊಡ್ಡ ಪೆಟ್ಟಿಗೆಗಳಲ್ಲಿ ನಿಧಾನವಾಗಿ ಗಾಳಿಯಾಡಿಸಿ ಸುಮಾರು ಶೇ. 15ಕ್ಕೆ ತರುತ್ತಾರೆ. ಅವಸರಕ್ಕೆ ಬಿಸಿ ಏರಿಸಿದರೆ ಹೊರಪದರ ಗಟ್ಟಿಯಾಗಿ ಒಳಗಿನ ತೇವ ಸಿಕ್ಕಿಕೊಳ್ಳುತ್ತದೆ, ದಾರಿಯಲ್ಲೇ ಸರಕು ಹಾಳಾಗುತ್ತದೆ. ಇನ್ನು ಹಣದ ಕಡೆಯ ಅಪಾಯ: ನೈಜೀರಿಯಾದಲ್ಲಿ ಡಾಲರ್ ಸಿಗದಿದ್ದರೆ ಆಮದುದಾರನ ಕೈ ಕಟ್ಟಿದಂತೆ. ತೈಲ ಬೆಲೆ ಬಿದ್ದ 2015-16ರಲ್ಲಿ ಹೀಗೇ ಆಯಿತು.

ಒಂದೇ ಗಿರಾಕಿಯನ್ನು ನಂಬಿದ ಮೀನುಗಳಿಗೆಲ್ಲ ಇದೇ ಪಾಡು. 2015ರ ಆಗಸ್ಟ್‌ನಲ್ಲಿ ರಷ್ಯಾ ಐಸ್‌ಲ್ಯಾಂಡನ್ನೂ ತನ್ನ ಆಹಾರ ಆಮದು ನಿಷೇಧಕ್ಕೆ ಸೇರಿಸಿದಾಗ ಮ್ಯಾಕರೆಲ್ ಮಾರುಕಟ್ಟೆ ಕೈತಪ್ಪಿತು. ಕೇಪ್ಲಿನ್ ಎಂಬ ಸಣ್ಣ ಮೀನಿನ ಮೊಟ್ಟೆಗೆ ಜಪಾನಿನಲ್ಲಿ ಒಳ್ಳೆಯ ಬೆಲೆಯಿದೆ, ಆದರೆ 2019 ಮತ್ತು 2020ರಲ್ಲಿ ಮೀನೇ ಸಾಲದೆ ಹಿಡಿಯಲು ಅನುಮತಿಯೇ ಸಿಗಲಿಲ್ಲ.

ಪ್ರಶ್ನೆ: ಸರಕು ವ್ಯಾಪಾರದಲ್ಲಿ ಕೊರತೆ ಇದ್ದೂ ದೇಶ ನಡೆಯುವುದು ಹೇಗೆ? ಕ್ರೋನಾದ ಬೆಲೆ ಇಳಿದರೆ ರಫ್ತು ಏರುವುದಿಲ್ಲವೇ?

ಕೊರತೆಯನ್ನು ತುಂಬುವುದು ಪ್ರವಾಸಿಗರು. ವಿದೇಶಿಯರು ಅಲ್ಲಿ ಹೋಟೆಲು, ಬಾಡಿಗೆ ಕಾರಿಗೆ ಕೊಡುವ ಹಣವೂ ರಫ್ತೇ, ಸೇವೆಗಳ ಲೆಕ್ಕದಲ್ಲಿ ಬರುತ್ತದೆ. 2018ರಲ್ಲಿ 23 ಲಕ್ಷದಷ್ಟು ವಿದೇಶಿ ಪ್ರವಾಸಿಗರು ಬಂದಿದ್ದರು.

ಕ್ರೋನಾ ವಿಷಯದಲ್ಲಿ ಪಠ್ಯಪುಸ್ತಕದ ಸೂತ್ರ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಮೀನು ಹಿಡಿಯುವ ಪ್ರಮಾಣವನ್ನು ಕೋಟಾ, ಅಂದರೆ ಮೊದಲೇ ಗೊತ್ತುಮಾಡಿದ ಮಿತಿ, ನಿಗದಿ ಮಾಡುತ್ತದೆ. ಕ್ರೋನಾ ಬಿದ್ದರೆ ಕಿಲೋಗೆ ಹೆಚ್ಚು ಕ್ರೋನಾ ಸಿಗಬಹುದು, ಹೆಚ್ಚು ಕಿಲೋ ಸಿಗುವುದಿಲ್ಲ. ಅಲ್ಯೂಮಿನಿಯಂ ಮಾರುವುದೂ ಅಲ್ಯೂಮಿನಾ ಕೊಳ್ಳುವುದೂ ಡಾಲರಿನಲ್ಲಿ, ಪಾಟ್‌ಗಳು ಮೊದಲೇ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿರುತ್ತವೆ. ದರಕ್ಕೆ ತಕ್ಷಣ ಸ್ಪಂದಿಸುವುದು ಪ್ರವಾಸೋದ್ಯಮ ಒಂದೇ. 2008ರ ಬ್ಯಾಂಕ್ ಕುಸಿತದ ನಂತರ ವ್ಯಾಪಾರ ಬಾಕಿ ಸುಧಾರಿಸಿದ್ದಕ್ಕೆ ಮೊದಲ ಕಾರಣ ರಫ್ತು ಉಕ್ಕಿದ್ದಲ್ಲ, ಕಾರು ಮುಂತಾದವುಗಳ ಆಮದು ನೆಲಕಚ್ಚಿದ್ದು.

ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿಲ್ಲದ ಮೇಲೆ ಸುಂಕ ಕಟ್ಟಬೇಕಲ್ಲವೇ?

ಕೈಗಾರಿಕಾ ಸರಕಿಗೆ ಇಲ್ಲ. ಐಸ್‌ಲ್ಯಾಂಡ್ 1970ರಿಂದ ಎಫ್ಟಾ (ಐರೋಪ್ಯ ಮುಕ್ತ ವ್ಯಾಪಾರ ಸಂಘ) ಸದಸ್ಯ, 1994ರಿಂದ ಐರೋಪ್ಯ ಆರ್ಥಿಕ ವಲಯದಲ್ಲೂ ಇದೆ. ಕಾಡ್‌ಗೂ ತೊಂದರೆಯಿಲ್ಲ, ಸಾಲ್ಮನ್, ಮ್ಯಾಕರೆಲ್, ಹೆರಿಂಗ್‌ನಂಥ ಕೆಲವು ಮೀನುಗಳನ್ನು ಮಾತ್ರ ಪೂರ್ಣ ವಿನಾಯಿತಿಯ ಹೊರಗಿಟ್ಟಿದ್ದಾರೆ. ಭಾರತದೊಂದಿಗೆ ಎಫ್ಟಾ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ಸಹಿಯಾಗಿ, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಈ ಅಂಕಿಗಳನ್ನು ನಾನೇ ತೆಗೆಯಬೇಕು. ಎಲ್ಲಿ ಎಡವುತ್ತೇನೆ?

ಮೂಲ ಹಾಗ್‌ಸ್ಟೋಫಾ, ಅಲ್ಲಿನ ಅಂಕಿಅಂಶ ಕಚೇರಿ. ರಫ್ತನ್ನು ಎಫ್‌ಓಬಿಯಲ್ಲೂ (ಹಡಗಿಗೆ ಏರಿಸುವವರೆಗಿನ ಬೆಲೆ) ಆಮದನ್ನು ಸಿಐಎಫ್‌ನಲ್ಲೂ ಕೊಡುತ್ತಾರೆ. ಸಿಐಎಫ್‌ನಲ್ಲಿ ಹಡಗು ಬಾಡಿಗೆ, ವಿಮೆ ಸೇರಿರುತ್ತದೆ. ದ್ವೀಪಕ್ಕೆ ಸಾಗಣೆ ದುಬಾರಿ, ಹಾಗಾಗಿ ಎರಡನ್ನೂ ನೇರ ಕಳೆದರೆ ಕೊರತೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಮದಿನ ಎಫ್‌ಓಬಿ ಅಂಕಿಯನ್ನೂ ಪ್ರಕಟಿಸುತ್ತಾರೆ, ಅದನ್ನೇ ಬಳಸಿ. ಮೀನಿಗೆ ಎಚ್‌ಎಸ್ (ಸರಕುಗಳಿಗೆ ಅಂತರರಾಷ್ಟ್ರೀಯ ಸಂಕೇತ ಸಂಖ್ಯೆಗಳ ಪಟ್ಟಿ) 03ನೇ ಅಧ್ಯಾಯ ಮಾತ್ರ ತೆಗೆದರೆ ಮೀನಿನ ಎಣ್ಣೆ (1504), ಡಬ್ಬಿ ಮೀನು (1604), ಮೀನಿನ ಹಿಟ್ಟು (2301) ತಪ್ಪಿಹೋಗುತ್ತವೆ. ಅಲ್ಯೂಮಿನಿಯಂಗೆ 7601 ತೆಗೆಯುವಾಗ ಆಮದಿನ ಕಡೆ ಅಲ್ಯೂಮಿನಾದ 281820 ಕೂಡ ಪಕ್ಕದಲ್ಲಿಡಿ. ಯಾವುದೋ ತಿಂಗಳು ಅಂಕಿ ಏಕಾಏಕಿ ಜಿಗಿದಿದ್ದರೆ ಮೊದಲು ಹಡಗು, ವಿಮಾನಗಳ ಸಾಲು ನೋಡಿ. ಒಂದು ವಿಮಾನ ಕೊಂಡರೂ ಆ ತಿಂಗಳ ಚಿತ್ರ ಬದಲಾಗುವಷ್ಟು ಚಿಕ್ಕ ಲೆಕ್ಕ ಅದು.