ಲೀಡ್ಸ್‌ನ ಒಂದೇ ಕೋಣೆಯಲ್ಲಿ ಬಿಯರ್ ಮಾಡೋದಾ? ಮಾಡು

ಬಾಗಲಕೋಟೆಯಿಂದ ಲೀಡ್ಸ್‌ಗೆ ಬಂದು ಎರಡು ತಿಂಗಳಾಯಿತು, ಇರೋದು ಒಂದೇ ಕೋಣೆ, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಘಮಘಮಿಸುವ ಬಿಯರ್ ಮನೆಯಲ್ಲೇ ಮಾಡಬಹುದಾ, ಪೊಲೀಸರು ಹಿಡಿಯುತ್ತಾರಾ ಅಂತ ಕೇಳಿದ್ದೀಯ. ನಾನು ಸದ್ಯ ರಜೆಗೆ ಬೆಳಗಾವಿಯಲ್ಲಿದ್ದೇನೆ. ಟಿಳಕವಾಡಿಯಲ್ಲಿ ಬಿಡದೆ ಮಳೆ. ಬರೆಯೋಕೆ ಪುರುಸೊತ್ತಿದೆ.

ಯಾರೂ ಹಿಡಿಯೋದಿಲ್ಲ. ಬ್ರಿಟನ್‌ನಲ್ಲಿ 1963ರಿಂದ ಮನೆಯ ಬಿಯರ್‌ಗೆ ಲೈಸೆನ್ಸ್ ಬೇಕಿಲ್ಲ. ಮಾರುವಂತಿಲ್ಲ, ಅಷ್ಟೇ. ಊರಿಗೆ ಬಂದಾಗ ಮಾತ್ರ ಈ ಚಾಳಿ ಬೇಡ, ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬಾಗಿಲಿಗೆ ಬರುತ್ತಾರೆ.

ಅಂಗಡಿಯಲ್ಲಿ 23 ಲೀಟರಿನ ಕಿಟ್ ತೋರಿಸುತ್ತಾರೆ. ತಗೋಬೇಡ, ಆಮೇಲೆ ನೀನು ಮಲಗೋದು ಎಲ್ಲಿ? 4.5 ಲೀಟರಿನ ಗಾಜಿನ ಜಾಡಿ, ಅದಕ್ಕೆ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳ), 10 ಲೀಟರಿನ ಪಾತ್ರೆ, ಬಟ್ಟೆಯ ಚೀಲ, ಥರ್ಮಾಮೀಟರ್, ಬಿಯರ್ ಬಾಟಲಿಗೆ ಇಳಿಸೋಕೆ ಒಂದು ಸೈಫನ್ ಪೈಪು. ಸಾಕು. ತರಿ ಮಾಡಿದ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 1.2 ಕಿಲೋ ಚೀಲಕ್ಕೆ ಹಾಕಿ, 66 ಡಿಗ್ರಿ ನೀರಿನಲ್ಲಿ ಒಂದು ತಾಸು ಬಿಡು. ಬಿಸಿ ಆರದಿರಲಿ ಅಂತ ನಾನು ಪಾತ್ರೆಗೆ ಅವ್ವ ಹೊಲಿದುಕೊಟ್ಟ ಕೌದಿ ಸುತ್ತುತ್ತೇನೆ. ಅವ್ವನಿಗೆ ಇನ್ನೂ ಗೊತ್ತಿಲ್ಲ.

ಚೀಲ ತೆಗೆದು ಆ ನೀರನ್ನು ಒಂದು ತಾಸು ಕುದಿಸು. ಕಿಟಕಿ ತೆರೆದಿರಲಿ, ಹಬೆಗೆ ಗೋಡೆ ಬೂಸ್ಟು ಹಿಡಿದರೆ ಮನೆ ಮಾಲೀಕರ ಮುಖ ನೋಡೋಕಾಗಲ್ಲ. ಹಾಪ್ಸ್ ಮೊದಲೇ ಹಾಕಿದರೆ ಕಹಿ ಬರುತ್ತದೆ, ಘಮ ಹಬೆಯ ಜೊತೆ ಹೋಗುತ್ತದೆ. ಸಾರಿಗೆ ಕೊತ್ತಂಬರಿ ಯಾವಾಗ ಹಾಕುತ್ತೇವೆ? ಹಾಗೇ ಇದು. ಸಿಟ್ರಾ ಅನ್ನೋ ಜಾತಿಯ ಹಾಪ್ಸ್ ಆದರೆ ಮೊದಲಿಗೆ 5 ಗ್ರಾಂ, ಒಲೆ ಆರಿಸಿದ ಮೇಲೆ 20, ಹುಳಿಯುವುದು ಮುಗಿಯುತ್ತ ಬಂದಾಗ ಜಾಡಿಗೇ ಇನ್ನೊಂದು 20, ಅದೂ ಮೂರೇ ದಿನಕ್ಕೆ.

ಪಾತ್ರೆಯನ್ನು ಐಸ್ ಹಾಕಿದ ಸಿಂಕ್‌ನಲ್ಲಿಟ್ಟು 20 ಡಿಗ್ರಿಗಿಂತ ಕೆಳಗೆ ಇಳಿಸಿ, ಜಾಡಿಗೆ ಸುರಿದು ಯೀಸ್ಟ್ ಅರ್ಧ ಪೊಟ್ಟಣ ಹಾಕು. ಕತ್ತಲಲ್ಲಿಡು, ಬೆಳಕು ಬಿದ್ದರೆ ಹಾಪ್ಸ್ ವಾಸನೆ ಕೆಡುತ್ತದೆ. ಎರಡು ವಾರ ಸುಮ್ನೆ ಬಿಡು. ಕೊಲ್ಹಾರದ ಮೊಸರಿಗೆ ಹೆಪ್ಪು ಹಾಕಿದವರು ಗಡಿಗೆ ಅಲುಗಾಡಿಸ್ತಾರಾ?

ಜಾಗ ಸಣ್ಣದು ಅಂತ ನೀನು ಹೆದರಿದ್ದೀಯ. ಬಿಯರ್ ಕೆಡಿಸೋದು ಜಾಗವಲ್ಲ, ಗಾಳಿ. ನನ್ನ ಮೊದಲ ಜಾಡಿಯನ್ನು ಮಗ್ಗಿನಿಂದ ಮೊಗೆದು ಬಾಟಲಿಗೆ ಸುರಿದಿದ್ದೆ. ಎರಡೇ ವಾರಕ್ಕೆ ಬಣ್ಣ ಕಂದಾಯಿತು, ರುಚಿ ನೆನೆದ ರಟ್ಟಿನ ಹಾಗೆ. ಎಂಟು ಬಾಟಲಿಯೂ ಸಿಂಕ್ ಪಾಲು. ಪೈಪು ಬಾಟಲಿಯ ತಳ ಮುಟ್ಟಬೇಕು, ಚಿಮ್ಮಬಾರದು. ಗುಳ್ಳೆಗೆ ಲೀಟರಿಗೆ 6 ಗ್ರಾಂ ಸಕ್ಕರೆ, ತೂಗಿಯೇ ಹಾಕು. ಕಣ್ಣಳತೆಯಲ್ಲಿ ಹಾಕಿದ್ದೊಂದು ನಡುರಾತ್ರಿ ಬೀರುವಿನಲ್ಲಿ ಢಮ್ ಅಂದಿತ್ತು.

ಇನ್ನು ಅಲ್ಲಿನ ಬದುಕು ಹೇಗೆ ಅಂತಲೂ ಕೇಳಿದ್ದೀಯ. ನವೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಭಾನುವಾರ ಮುಗಿಯೋದೇ ಇಲ್ಲ. ಆಗ ಕುದಿಸು. ಪಕ್ಕದ ಮನೆಯವರು ವಾಸನೆ ಹಿಡಿದು ಬಾಗಿಲು ತಟ್ಟಿದರೆ ಒಂದು ಬಾಟಲಿ ಕೊಡು. ನನಗೆ ಅಲ್ಲಿ ಮೊದಲು ಪರಿಚಯವಾದದ್ದೇ ಹಾಗೆ.

ಮುಂದಿನ ತಿಂಗಳು ವಾಪಸ್ ಬರುತ್ತೇನೆ, ಗೋಕಾಕದ ಕರದಂಟು ತರುತ್ತೇನೆ. ಅಮೀನಗಡದ್ದೇ ಚೆಂದ ಅಂತ ಜಗಳಕ್ಕೆ ಬರಬೇಡ. ಎರಡು ಬಾಟಲಿ ಎತ್ತಿಡು.