ಬಿಸಿಎ ಓದುವ ಮಗಳಿಗೆ 40 ಸಾವಿರದೊಳಗೆ ಹಗುರ ಲ್ಯಾಪ್‌ಟಾಪ್ ಯಾವುದು?

ಗೌಡ್ರೇ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದ್ದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಬರೆಯಲು ಆಗಲಿಲ್ಲ. ಅಡಿಕೆ ಗುಂಪಿನಲ್ಲಿ ಲ್ಯಾಪ್‌ಟಾಪ್ ವಿಚಾರ ಕೇಳಿದ್ದಕ್ಕೆ ಕ್ಷಮೆಯೆಲ್ಲ ಯಾಕೆ, ಜೂನ್-ಜುಲೈ ಬಂತೆಂದರೆ ಎಲ್ಲರ ಮನೆಯಲ್ಲೂ ಇದೇ ಮಾತು. ತೋಟದ ಜೊತೆಗೆ ಪೇಟೆಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬಿಡುವಾದಾಗ ಓದಿ.

ನೀವು ಹೇಳಿದ್ದು ಇಷ್ಟು: ಮಗಳು ಶಿವಮೊಗ್ಗದಲ್ಲಿ ಬಿಸಿಎ ಸೇರಿದ್ದಾಳೆ, ಆನಂದಪುರದ ಕಡೆಯಿಂದ ದಿನಾ ಬಸ್ಸು, ಬಜೆಟ್ 40 ಸಾವಿರ, ಹಗುರ ಇರಬೇಕು, ಓದು ಮುಗಿಯುವ ತನಕ ಬಾಳಬೇಕು. ಮೇಲೆ ಒಬ್ಬರು ಸ್ವಲ್ಪ ಸಾಲ ಮಾಡಿಯಾದರೂ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಎಂದಿದ್ದಾರೆ. ಇನ್ನೊಬ್ಬರು ಟ್ಯಾಬಿಗೆ ಕೀಬೋರ್ಡ್ ಹಾಕಿದರೆ ಸಾಕು ಎಂದಿದ್ದಾರೆ. ನನ್ನ ಪ್ರಕಾರ ಎರಡೂ ಬೇಡ.

ಟ್ಯಾಬಿನದು ಮೊದಲು ಮುಗಿಸುತ್ತೇನೆ. ಪಾಠ ಕೇಳಲು, ಪಿಡಿಎಫ್ ಓದಲು ಟ್ಯಾಬ್ ಚೆನ್ನಾಗಿಯೇ ಇದೆ. ಆದರೆ ಬಿಸಿಎಯಲ್ಲಿ ಸಿ, ಜಾವಾ, ಪೈಥಾನ್, ಡೇಟಾಬೇಸ್ ಲ್ಯಾಬ್ ಎಲ್ಲ ಇರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮಾಡಿದ್ದನ್ನು ಮನೆಯಲ್ಲಿ ಅದೇ ರೀತಿ ಮಾಡಿ ನೋಡಬೇಕೆಂದರೆ ವಿಂಡೋಸ್ ಅಥವಾ ಲಿನಕ್ಸ್ ಇರುವ ಯಂತ್ರವೇ ಬೇಕು. ಕ್ರೋಮ್‌ಬುಕ್ಕಿಗೂ ಇದೇ ಮಾತು. ಅಗ್ಗ, ಹಗುರ ಎಲ್ಲ ಹೌದು, ಆದರೆ ಈ ಕೋರ್ಸಿಗೆ ಅಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಎರಡೂಕಾಲು, ಎರಡೂವರೆ ಕೆಜಿ. ಅದರ ಚಾರ್ಜರೇ ಅರ್ಧ ಕೆಜಿ ತೂಗುತ್ತದೆ. ಬುತ್ತಿ, ನೀರಿನ ಬಾಟಲಿ, ಪುಸ್ತಕದ ಜೊತೆ ಅದನ್ನೂ ಹೊತ್ತು ಬಸ್ಸಿನಲ್ಲಿ ನಿಂತು ಹೋಗುವುದು ಯಾರು, ಗುಂಪಿನಲ್ಲಿ ಸಲಹೆ ಕೊಟ್ಟವರಲ್ಲವಲ್ಲ! ಬ್ಯಾಟರಿಯೂ ಅದರಲ್ಲಿ ಬೇಗ ಖಾಲಿ. ಹುಡುಗಿ ಎರಡನೇ ವಾರಕ್ಕೇ ಅದನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆ, ಬರೆದಿಟ್ಟುಕೊಳ್ಳಿ. ಬಿಸಿಎ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಸಿ ಪ್ರೋಗ್ರಾಂ ಬರೆಯಲು ಹತ್ತು ವರ್ಷದ ಹಳೆ ಯಂತ್ರವೂ ಸಾಕು. ಸ್ವಲ್ಪ ಭಾರ ಎನಿಸುವುದು ಆಂಡ್ರಾಯ್ಡ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ಮಾತ್ರ, ಅದಕ್ಕೂ ಬೇಕಾಗುವುದು ಕೆಲಸದ ಹೊತ್ತಿಗೆ ಬಳಸುವ ನೆನಪಿನ ಜಾಗ, ಅಂದರೆ ರ‍್ಯಾಮ್, ಗೇಮಿಂಗ್ ಕಾರ್ಡ್ ಅಲ್ಲ.

ಹಾಗಾಗಿ ಮೊದಲು ತೂಕ ನಿಶ್ಚಯ ಮಾಡಿ. 14 ಇಂಚಿನ ಪರದೆ, ಒಂದೂವರೆ ಕೆಜಿಯ ಒಳಗೆ. ಅಂಗಡಿಯಲ್ಲಿ ಮುಂದೆ ಸಾಲಾಗಿ ಇಟ್ಟಿರುವುದೆಲ್ಲ 15.6 ಇಂಚಿನದ್ದೇ ಇರುತ್ತದೆ, ನೋಡಲು ದೊಡ್ಡದಾಗಿ ಕಾಣುತ್ತದೆ, ಬೆಲೆಯೂ ಸ್ವಲ್ಪ ಕಡಿಮೆ. ಅದು 1.6ರಿಂದ 1.8 ಕೆಜಿ ಬರುತ್ತದೆ, ಮಾಮೂಲಿ ಕಾಲೇಜು ಬ್ಯಾಗಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಪೆಟ್ಟಿಗೆಯ ಮೇಲೆ ಬರೆದ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ ಎನ್ನುವುದೂ ನೆನಪಿರಲಿ. ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವಳ ಬ್ಯಾಗಿಗೇ ಹಾಕಿ ಹೆಗಲಿಗೇರಿಸಿ ನೋಡಲಿ. ಅಂಗಡಿಯವರು ಮುಖ ನೋಡಿದರೆ ನೋಡಲಿ ಬಿಡಿ.

ಇನ್ನು ಪ್ರೊಸೆಸರ್, ಅಂದರೆ ಯಂತ್ರದ ಮಿದುಳು. ಎಲ್ಲರೂ ಮೋಸ ಹೋಗುವುದು ಇಲ್ಲೇ. "ಐ5 ಇದೆ ಸಾರ್" ಎಂದರೆ ಅದಕ್ಕೆ ಅರ್ಥವೇ ಇಲ್ಲ. ಚಾಲಿಯೂ ಅಡಿಕೆ, ರಾಶಿಯೂ ಅಡಿಕೆ, ದರ ಒಂದೇನಾ? ಐ3, ಐ5 ಎಲ್ಲ ಇಂಟೆಲ್ ಕಂಪನಿಯ ಪ್ರೊಸೆಸರ್ ಸಾಲಿನ ಹೆಸರು, ಅದರ ಪಕ್ಕದಲ್ಲಿರುವ ಪೂರ್ತಿ ನಂಬರ್ ಕೇಳಿ. ಐ3-1215ಯು ಎಂದರೆ 12ನೇ ತಲೆಮಾರಿನದು, ಆರು ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಭಾಗ) ಇದೆ. ಬಿಸಿಎಗೆ ಅದೇ ಧಾರಾಳ. ನಾಲ್ಕೇ ಕೋರಿನ ಹಳೇ ಐ5ಗಿಂತ ಈ ಐ3 ಚುರುಕು. ಕೊನೆಯಲ್ಲಿ ಯು ಇದ್ದರೆ ಕಡಿಮೆ ಕರೆಂಟಿನದು, ಎಚ್ ಇದ್ದರೆ ಜಾಸ್ತಿ ಕರೆಂಟು ಮತ್ತು ಬಿಸಿ. ನಿಮಗೆ ಬೇಕಾದ್ದು ಯು. ಇನ್ನೊಂದು ಕಂಪನಿ ಎಎಂಡಿಯ ರೈಜನ್‌ನಲ್ಲಿ ನಂಬರ್ ಇನ್ನೂ ಗೊಂದಲ. ರೈಜನ್ 5 7520ಯು ಎನ್ನುವುದು ರೈಜನ್ 5 5500ಯುಗಿಂತ ದೊಡ್ಡದು ಅನಿಸುತ್ತದೆ ಅಲ್ವಾ, ಆದರೆ ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. 7000ದ ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು, ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂದು ಹೇಳುವುದು ಅದು. 7530ಯು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಸೆಲೆರಾನ್ ಹೆಸರಿನದ್ದು, ಅದರಲ್ಲೂ ಎನ್4020, ಎನ್4500 ತರಹದ್ದು ಬೇಡವೇ ಬೇಡ, ಎರಡೇ ಕೋರ್. 20 ಸಾವಿರದ ಸುತ್ತ ಹೊಸ ಲ್ಯಾಪ್‌ಟಾಪ್ ಎಂದು ಆನ್‌ಲೈನ್‌ನಲ್ಲಿ ಮಿಂಚುವುದು ಹೆಚ್ಚಾಗಿ ಇಂಥದ್ದೇ. ಕೆಲವಕ್ಕೆ ಫೈಲುಗಳನ್ನು ಇಡುವ ವೇಗದ ಎಸ್‌ಎಸ್‌ಡಿ ಬದಲು ಇಎಂಎಂಸಿ ಎನ್ನುವ ನಿಧಾನದ ಸಂಗ್ರಹ ಇರುತ್ತದೆ. ಆನ್ ಮಾಡಿ ಚಹಾ ಕುಡಿದು ಬರಬಹುದು.

ರ‍್ಯಾಮ್ ಬಗ್ಗೆ ಸ್ವಲ್ಪ ಹಠ ಮಾಡಿ. 8 ಜಿಬಿ ಕನಿಷ್ಠ, 16 ಇದ್ದರೆ ನಿಶ್ಚಿಂತೆ. ವಿಂಡೋಸ್ 11 ನಾಲ್ಕು ಜಿಬಿಯಲ್ಲೂ ನಡೆಯುತ್ತದೆ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ, ನಡೆಯುವುದು ಹೌದು, ತೆವಳುತ್ತಾ. 8 ಜಿಬಿಯದ್ದೇ ತೆಗೆದುಕೊಂಡರೆ ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ ಕೇಳಿ. ಈಗಿನ ಎಷ್ಟೋ ತೆಳು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮೇಲೆ ಹೇಳಿದ 7520ಯು ಇರುವವುಗಳಲ್ಲಂತೂ ಹಾಗೇ. ಆಮೇಲೆ ಏನೂ ಮಾಡಲು ಬರುವುದಿಲ್ಲ. ಅಂಗಡಿಯವರ ಮಾತು ನಂಬಬೇಡಿ, ಕಂಪನಿಯ ಸೈಟಿನಲ್ಲಿ ಆ ಮಾಡೆಲ್‌ನ ವಿವರದಲ್ಲಿ ಸೋಲ್ಡರ್ಡ್ (ಬೆಸುಗೆ) ಎಂದಿದೆಯೋ ಸ್ಲಾಟ್ ಎಂದಿದೆಯೋ ಬರೆದಿರುತ್ತದೆ. ಮೊದಲೆಲ್ಲ "ಈಗ ಎಂಟು ಸಾಕು, ಆಮೇಲೆ ಹಾಕಿಸಿದರಾಯಿತು" ಎಂದು ನಾನೇ ಹೇಳುತ್ತಿದ್ದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಕಂಪನಿಗಳ ಡೇಟಾ ಸೆಂಟರುಗಳು ಎಲ್ಲ ಎಳೆದುಕೊಳ್ಳುತ್ತಿವೆ. ಹಾಗಾಗಿ ಎರಡು ಸಾವಿರ ಹೆಚ್ಚು ಕೊಟ್ಟರೆ 16 ಜಿಬಿಯದ್ದೇ ಸಿಗುತ್ತದೆ ಎಂದಾದರೆ ಈಗಲೇ ಅದನ್ನೇ ತೆಗೆದುಕೊಳ್ಳಿ. ಎಸ್‌ಎಸ್‌ಡಿ 512 ಜಿಬಿ ಇರಲಿ.

ಬ್ಯಾಟರಿಗೆ "10 ಗಂಟೆ" ಎಂದು ಬರೆದದ್ದನ್ನು ಬಿಟ್ಟುಬಿಡಿ, ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಎಂದು ಹೇಳುವ ವ್ಯಾಟ್-ಅವರ್ ಎಷ್ಟು ನೋಡಿ. ಲೆಕ್ಕ ಸುಲಭ. ಬರೆಯುವುದು, ಓದುವುದು, ಸಣ್ಣ ಪ್ರೋಗ್ರಾಂ ಇಷ್ಟಕ್ಕೆ ಯು ಪ್ರೊಸೆಸರ್ ಲ್ಯಾಪ್‌ಟಾಪ್ ಸುಮಾರು 7-8 ವ್ಯಾಟ್ ತಿನ್ನುತ್ತದೆ ಎಂದುಕೊಂಡರೆ 42 ವ್ಯಾಟ್-ಅವರಿನ ಬ್ಯಾಟರಿ ಐದಾರು ಗಂಟೆ. ಎರಡು ವರ್ಷ ಕಳೆದರೆ ಅದರಲ್ಲೂ ಒಂದು ಪಾಲು ಕಡಿಮೆ. ಟೈಪ್-ಸಿ ಪಿನ್ನಿನಲ್ಲಿ ಚಾರ್ಜ್ ಆಗುವಂಥದ್ದು ಸಿಕ್ಕರೆ ಒಳ್ಳೆಯದು. ಚಾರ್ಜರ್ ಮರೆತು ಬಂದ ದಿನ ಗೆಳತಿಯ 65 ವ್ಯಾಟಿನ ಟೈಪ್-ಸಿ ಚಾರ್ಜರಿನಲ್ಲೇ ಕೆಲಸ ಆಗುತ್ತದೆ.

ಪರದೆ ಫುಲ್ ಎಚ್‌ಡಿ, ಐಪಿಎಸ್ (ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ ಬಗೆ) ಇರಬೇಕು, ಅಷ್ಟೇ. 1366 ಅಂತ ಶುರುವಾಗುವ ರೆಸಲ್ಯೂಶನ್ನಿನ ಟಿಎನ್ ಪರದೆ ಈಗಲೂ ಕೆಲವೆಡೆ ಕೊಡುತ್ತಾರೆ, ಪಕ್ಕದಿಂದ ನೋಡಿದರೆ ಬೂದು ಕಾಣುತ್ತದೆ, ಕೋಡ್ ನಾಲ್ಕು ಸಾಲು ಮಾತ್ರ ಕಂಡ ಹಾಗೆ. ಬೇಡ.

ಈಗ ನನ್ನ ನಿಜವಾದ ಸಲಹೆಗೆ ಬರುತ್ತೇನೆ. ಹೊಸದೇ ಬೇಕೆಂಬ ಹಠ ಇಲ್ಲದಿದ್ದರೆ ಆಫೀಸುಗಳಿಂದ ಬಂದ ಬಿಸಿನೆಸ್ ಲ್ಯಾಪ್‌ಟಾಪ್ ನೋಡಿ. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೆ ಮಾರುತ್ತವೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇದರದ್ದೇ ಸಾಲು ಸಾಲು ಅಂಗಡಿ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಈ ಮೂರೂ 14 ಇಂಚಿನವು, ತೂಕ ಒಂದೂವರೆ ಕೆಜಿಯ ಆಚೀಚೆ, ಎರಡೆರಡು ರ‍್ಯಾಮ್ ಸ್ಲಾಟ್, ಟೈಪ್-ಸಿ ಚಾರ್ಜಿಂಗ್, ಕೀಬೋರ್ಡು 40 ಸಾವಿರದ ಯಾವ ಹೊಸ ಲ್ಯಾಪ್‌ಟಾಪಿಗಿಂತಲೂ ಚೆನ್ನ. ಸಾಮಾನ್ಯವಾಗಿ 20ರಿಂದ 25 ಸಾವಿರದ ಸುತ್ತ ಇರುತ್ತದೆ, ರ‍್ಯಾಮ್ ದರದಿಂದಾಗಿ ಈಗ ಹೆಚ್ಚುಕಡಿಮೆ ಆಗಬಹುದು. ಟಿ480ಯಲ್ಲಿ ಒಳಗೊಂದು ಬ್ಯಾಟರಿ, ಹಿಂದೆ ಕಳಚಿ ಹಾಕುವ ಇನ್ನೊಂದು. ಹಿಂದಿನದು ಸೋತರೆ ಹೊಸದು ತಂದು ನೀವೇ ಸಿಕ್ಕಿಸಬಹುದು, ಸ್ಕ್ರೂಡ್ರೈವರ್ ಕೂಡ ಬೇಡ. ಕರೆಂಟ್ ಹೋದರೆ ಮೂರು ದಿನ ಬಾರದ ನಮ್ಮ ಕಡೆಗೆ ಇದು ದೊಡ್ಡ ಅನುಕೂಲ. ಆದರೆ ಟಿ480ಎಸ್ ಎಂಬುದು ಬೇರೆ, ಅದರಲ್ಲಿ ಈ ಹಿಂದಿನ ಬ್ಯಾಟರಿ ಇಲ್ಲ. ಥಿಂಕ್‌ಪ್ಯಾಡಿನದ್ದೇ ಎಕ್ಸ್280 ಪುಟ್ಟದಾಗಿ ಮುದ್ದಾಗಿದೆ, ಆದರೆ ಅದರ ರ‍್ಯಾಮ್ ಬೆಸುಗೆಯದು.

ಹಳೆಯದನ್ನು ಕೊಳ್ಳುವಾಗ ಇಂಟೆಲ್ 8ನೇ ತಲೆಮಾರಿಗಿಂತ ಹಿಂದಕ್ಕೆ ಹೋಗಲೇಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಸರಿಯಾಗಿ ಕೂರುವುದು 8ನೇ ತಲೆಮಾರಿನಿಂದ ಈಚೆಗೆ. ಅದಕ್ಕೇ 6, 7ನೇ ತಲೆಮಾರಿನವನ್ನು ಈಗ ಬಹಳ ಅಗ್ಗಕ್ಕೆ ತಳ್ಳುತ್ತಿದ್ದಾರೆ. ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ, ವಿಂಡೋಸಿನಲ್ಲೇ ಅದಕ್ಕೊಂದು ಕಮಾಂಡ್ ಇದೆ, ಅಂಗಡಿಯವರಿಗೆ ಗೊತ್ತಿರುತ್ತದೆ. ಹೊಸದಿದ್ದಾಗ ಎಷ್ಟಿತ್ತು, ಈಗ ತುಂಬ ಚಾರ್ಜ್ ಆದರೆ ಎಷ್ಟು ಎಂದು ಎರಡೂ ಬರುತ್ತದೆ. ಮುಕ್ಕಾಲಿಗಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಿಕೊಡಿ ಎನ್ನಿ, ಇಲ್ಲ ದರ ಇಳಿಸಿ ಎನ್ನಿ. ಯಂತ್ರ ಆನ್ ಆಗುವಾಗಿನ ಮೂಲ ಸೆಟ್ಟಿಂಗಿಗೆ ಹಾಕುವ ಬಯೋಸ್ ಪಾಸ್‌ವರ್ಡ್ ಇದೆಯೇ ನೋಡಿ. ಇನ್ನೊಂದು ಮುಖ್ಯ ಪರೀಕ್ಷೆ ಇದೆ, ಇದನ್ನು ಯಾರೂ ಮಾಡುವುದಿಲ್ಲ. ವಿಂಡೋಸನ್ನು ಅಲ್ಲೇ ಹೊಸದಾಗಿ ರೀಸೆಟ್ ಮಾಡಿಸಿ, ಸೆಟಪ್ ವೇಳೆ ಇಂಟರ್ನೆಟ್ಟಿಗೆ ಜೋಡಿಸಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಆಫೀಸ್ ಇಮೇಲ್ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪನಿಯ ಲೆಕ್ಕದಲ್ಲೇ ಇದೆ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಮುಚ್ಚಳ ನಾಲ್ಕು ಸಲ ತೆರೆದು ಹಿಂಜ್ ಸಡಿಲ ಇದೆಯೋ ನೋಡಿ, ಎಲ್ಲ ಕೀ ಒತ್ತಿ ನೋಡಿ, ಟಿ480 ಆದರೆ ಫುಲ್ ಎಚ್‌ಡಿ ಪರದೆಯೇ ಎಂದು ಕೇಳಿ, ಅದರಲ್ಲೂ ಕಳಪೆ ಪರದೆಯದ್ದು ಬಂದಿತ್ತು. ಆರು ತಿಂಗಳ ವಾರಂಟಿಯಾದರೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿಗೆ ಬೆಲೆ ಇಲ್ಲ. ಅಷ್ಟು ದೂರ ಹೋಗಿ ಇಷ್ಟೆಲ್ಲ ನೋಡುವವರು ಮನೆಯಲ್ಲಿ ಇಲ್ಲ ಎಂದಾದರೆ ಆಗ ಹೊಸದೇ ಸರಿ, ಸುಮ್ನೆ ತಲೆನೋವು ಬೇಡ.

ಹೊಸದಾದರೆ ಬಿಲ್ಲು ಜಿಎಸ್‌ಟಿಯದ್ದು, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರಲೇಬೇಕು. ಅದೇ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ವಾರಂಟಿ ಯಾವಾಗ ಶುರುವಾಗಿದೆ ಎಂದು ಬರುತ್ತದೆ, ಆರು ತಿಂಗಳ ಹಿಂದೆಯೇ ಶುರುವಾಗಿದ್ದರೆ ಕೇಳಿ. ಆನ್‌ಸೈಟ್ ವಾರಂಟಿ ಎಂದರೆ ಮನೆಗೇ ಬರುತ್ತಾರೆ ಎಂದುಕೊಳ್ಳಬೇಡಿ, ನಿಮ್ಮ ಪಿನ್‌ಕೋಡ್ ಅವರ ಪಟ್ಟಿಯಲ್ಲಿ ಇದೆಯೋ ಮೊದಲೇ ವಿಚಾರಿಸಿ. ಶಿವಮೊಗ್ಗದಲ್ಲಿ ಸರ್ವಿಸ್ ಸೆಂಟರ್ ಇರುವ ಬ್ರ್ಯಾಂಡ್ ಆದರೆ ಮಗಳೇ ಕಾಲೇಜಿಗೆ ಹೋಗುವಾಗ ಕೊಟ್ಟು ಬರಬಹುದು, ನನ್ನ ಮಟ್ಟಿಗೆ ಬ್ರ್ಯಾಂಡ್ ಆರಿಸಲು ಇದಕ್ಕಿಂತ ಒಳ್ಳೆ ಕಾರಣ ಇಲ್ಲ. ನೋ ಕಾಸ್ಟ್ ಇಎಂಐ ಎಂದರೂ ಪ್ರೊಸೆಸಿಂಗ್ ಫೀಸು ಮತ್ತು ಬಡ್ಡಿ ಭಾಗದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸಾಮಾನ್ಯವಾಗಿ ಬೀಳುತ್ತದೆ. ಜೊತೆಗೆ ಮೈಕ್ರೋಸಾಫ್ಟ್ ಆಫೀಸ್ ಉಚಿತ ಬಂದಿದ್ದರೆ ಮೊದಲ ವಾರದಲ್ಲೇ ಮಗಳ ಸ್ವಂತ ಇಮೇಲ್ ಹಾಕಿ ಆ್ಯಕ್ಟಿವೇಟ್ ಮಾಡಿಸಿ, ಅದಕ್ಕೆ ಗಡುವು ಇರುತ್ತದೆ. ಅಂಗಡಿ ಹುಡುಗನ ಇಮೇಲ್ ಹಾಕಿಸಬೇಡಿ. ಬಂದಿಲ್ಲದಿದ್ದರೂ ಚಿಂತೆ ಇಲ್ಲ, ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ. ಕನ್ನಡ ಕೀಬೋರ್ಡ್ ವಿಂಡೋಸಿನಲ್ಲೇ ಇದೆ, ಅದಕ್ಕೆಂದು ದುಡ್ಡು ಕೇಳಿದರೆ ಕೊಡಬೇಡಿ.

ಕೊಂಡ ಮೇಲಿನ ಮಾತು ಎರಡು. ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ತಾನಾಗಿಯೇ ಕೆಟ್ಟದ್ದು ಕಡಿಮೆ. ಸಿಡಿಲಿಗೆ ಹೋದದ್ದು, ಚಾರ್ಜಿಂಗ್ ಪಿನ್ ಮುರಿದದ್ದು, ಚಹಾ ಚೆಲ್ಲಿದ್ದು, ಹಾಸಿಗೆ ಮೇಲಿಟ್ಟು ಗಾಳಿ ಕಿಂಡಿ ಮುಚ್ಚಿ ಬಿಸಿಯಾದದ್ದು, ಇವೇ ಜಾಸ್ತಿ. ಗುಡುಗು ಕೇಳಿಸಿದ ಕೂಡಲೇ ಚಾರ್ಜರ್ ಗೋಡೆಯಿಂದ ಕೀಳಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ವೈಫೈ ಪೆಟ್ಟಿಗೆಯಿಂದ ತಂತಿ ಜೋಡಿಸಿದ್ದರೆ ಅದನ್ನೂ ಕೀಳಬೇಕು, ಅದರಲ್ಲೂ ಬರುತ್ತದೆ. ಲೋಹದ ಮೈ ಮುಟ್ಟಿದಾಗ ಜುಂ ಅನ್ನಿಸಿದರೆ ಮನೆಯ ಅರ್ಥಿಂಗ್ ನೋಡಿಸಿ, ಹಳೆ ಮನೆಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಅದರೊಳಗೆ ಲ್ಯಾಪ್‌ಟಾಪ್. ಮನೆಗೆ ಬಂದ ಮೇಲೆ ಹೊರಗೆ ತೆಗೆದಿಡಬೇಕು, ಇಲ್ಲದಿದ್ದರೆ ಒಳಗೇ ಬೆವರುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಬಳಸುವುದಾದರೆ ವಿಂಡೋಸಿನ ಸೆಟ್ಟಿಂಗಿನಲ್ಲಿ ಆ ವೈಫೈಯನ್ನು ಮೀಟರ್ಡ್ (ಡೇಟಾ ಮಿತಿ ಇರುವುದು) ಎಂದು ಗುರುತು ಹಾಕಿ, ಇಲ್ಲವಾದರೆ ವಿಂಡೋಸ್ ಅಪ್‌ಡೇಟ್ ಒಂದೇ ರಾತ್ರಿಗೆ ದಿನದ ಡೇಟಾ ನುಂಗುತ್ತದೆ. ಅಪ್‌ಡೇಟ್ ಕಾಲೇಜಿನ ವೈಫೈಯಲ್ಲಿ ಮಾಡಿಕೊಳ್ಳಲಿ.

ನಿಮ್ಮ ಬಜೆಟ್ಟಿಗೆ ನಾನಾದರೆ 8ನೇ ತಲೆಮಾರಿನ ಒಂದು ಒಳ್ಳೆ ಬಿಸಿನೆಸ್ ಲ್ಯಾಪ್‌ಟಾಪ್ 16 ಜಿಬಿಯದ್ದು ತೆಗೆದು, ಉಳಿದದ್ದರಲ್ಲಿ ಹೊಸ ಬ್ಯಾಟರಿಗೆ ಮತ್ತು ಗಟ್ಟಿ ಬ್ಯಾಗಿಗೆ ಹಾಕಿ, ಮಿಕ್ಕಿದ ದುಡ್ಡು ಮಗಳ ಖಾತೆಯಲ್ಲೇ ಬಿಡುತ್ತಿದ್ದೆ. ಅಮ್ಮಾವ್ರು ಹೊಸದೇ ಬೇಕು ಎಂದರೆ, ಆಗಲಿ, 14 ಇಂಚು, ಐ3-1215ಯು ಅಥವಾ ರೈಜನ್ 7530ಯು, ಫುಲ್ ಎಚ್‌ಡಿ, 512 ಜಿಬಿ, ರ‍್ಯಾಮ್ ಸ್ಲಾಟ್ ಇರುವುದು. ಎರಡು ಮೂರು ಆರಿಸಿದ ಮೇಲೆ ಪೂರ್ತಿ ಮಾಡೆಲ್ ನಂಬರ್ ಇಲ್ಲಿ ಹಾಕಿ, ಬರೀ ಬ್ರ್ಯಾಂಡಿನ ಹೆಸರಲ್ಲ, ತಳದ ಸ್ಟಿಕ್ಕರಿನಲ್ಲಿ ಇರುವುದು. ಔಷಧಿ ಕೆಲಸ ನಾಳೆಗೆ ಮುಗಿಯುತ್ತದೆ, ಸಂಜೆ ನೋಡಿ ಹೇಳುತ್ತೇನೆ.